ಬೆಳಕು ಬೇಕಾದಷ್ಟಿತ್ತು, ಬ್ಯಾಂಡ್‌ವಿಡ್ತ್ ಇರಲಿಲ್ಲ: ಹಳೆಯ ಮಲ್ಟಿಮೋಡ್ ಫೈಬರ್ ಮೇಲೆ 10 ಗಿಗಾಬಿಟ್, ಒಂದು ಪ್ರಕರಣ

ನಾಲ್ಕು ಲಿಂಕ್, ನಾಲ್ಕು ಥರದ ಫಲ

ಒಂದು ಕ್ಯಾಂಪಸ್. ಮುಖ್ಯ ಕಟ್ಟಡದ ಸರ್ವರ್ ಕೋಣೆಯಿಂದ ನಾಲ್ಕು ಕಡೆಗೆ 12 ಎಳೆಗಳ ಮಲ್ಟಿಮೋಡ್ (ಬೆಳಕು ಏಕಕಾಲಕ್ಕೆ ಹಲವು ದಾರಿಗಳಲ್ಲಿ ಸಾಗುವ) ಫೈಬರ್ ಕೇಬಲ್ ಹೋಗಿದೆ: ಅದೇ ಕಟ್ಟಡದ ಮೂರನೇ ಮಹಡಿಗೆ, ಪಕ್ಕದ ಆಡಳಿತ ವಿಭಾಗಕ್ಕೆ, ಗ್ರಂಥಾಲಯಕ್ಕೆ, ತುದಿಯಲ್ಲಿರುವ ಪ್ರಯೋಗಾಲಯಕ್ಕೆ. ಎಫ್‌ಡಿಡಿಐ ಎಂಬ ಹಳೆಯ ಫೈಬರ್ ಜಾಲದ ಕಾಲದಲ್ಲಿ ಎಳೆದ ಕೇಬಲ್. ಅದರ ಮೇಲೆ ಮೊದಲು 100 ಮೆಗಾಬಿಟ್ ಓಡಿತು, ಆಮೇಲೆ 1 ಗಿಗಾಬಿಟ್‌ನ 1000ಬೇಸ್-ಎಸ್‌ಎಕ್ಸ್ ವರ್ಷಗಟ್ಟಲೆ ಓಡಿತು. ಯಾವ ತಕರಾರೂ ಬಂದಿರಲಿಲ್ಲ.

ಸ್ವಿಚ್ ಬದಲಿಸುವಾಗ 10 ಗಿಗಾಬಿಟ್ ಎಸ್‌ಆರ್ (10ಜಿಬೇಸ್-ಎಸ್‌ಆರ್) ಮಾಡ್ಯೂಲ್‌ಗಳನ್ನು, ಅಂದರೆ ಸ್ವಿಚ್‌ಗೆ ಚುಚ್ಚಿ ಫೈಬರ್‌ನಲ್ಲಿ ಬೆಳಕು ಕಳಿಸುವ, ಸ್ವೀಕರಿಸುವ ಬಿಡಿಭಾಗಗಳನ್ನು, ತರಿಸಲಾಯಿತು. ಮಾಡ್ಯೂಲ್‌ನ ಮಾಹಿತಿ ಹಾಳೆಯ ಮೊದಲ ಸಾಲಿನಲ್ಲಿ “ಮಲ್ಟಿಮೋಡ್, 850 ನ್ಯಾನೊಮೀಟರ್, 300 ಮೀಟರ್” ಎಂದಿತ್ತು. ಕ್ಯಾಂಪಸ್‌ನ ಅತಿ ಉದ್ದದ ಲಿಂಕ್ 236 ಮೀಟರ್. ಕೇಬಲ್‌ನ ನಷ್ಟ ಪರೀಕ್ಷೆಯನ್ನೂ (ದಾರಿಯಲ್ಲಿ ಕಳೆಯುವ ಬೆಳಕನ್ನು ಡಿಬಿಯಲ್ಲಿ ಅಳೆಯುವುದು) ಹೊಸದಾಗಿ ಮಾಡಿಸಿದ್ದರು, ಎಲ್ಲ ಎಳೆಗಳೂ ಪಾಸ್. ಒಂದೇ ರಾತ್ರಿಯಲ್ಲಿ ನಾಲ್ಕೂ ಕಡೆ ಮಾಡ್ಯೂಲ್ ಬದಲಾಯಿತು. ಬೆಳಿಗ್ಗೆ ಕಂಡದ್ದು ಇದು:

| ಲಿಂಕ್ | ಪ್ಯಾಚ್ ಕಾರ್ಡ್ ಸೇರಿ ಉದ್ದ | ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ನಷ್ಟ, 850 ನ್ಯಾನೊಮೀಟರ್ | 10 ಗಿಗಾಬಿಟ್ ಎಸ್‌ಆರ್ ಹಾಕಿದಾಗ |
|---|---|---|---|
| ಮೂರನೇ ಮಹಡಿ | 30 ಮೀ | 0.8 ಡಿಬಿ | ಸರಾಗ |
| ಆಡಳಿತ ವಿಭಾಗ | 74 ಮೀ | 1.0 ಡಿಬಿ | ಲಿಂಕ್ ಇದೆ, ಫ್ರೇಮ್ ದೋಷ ಏರುತ್ತಲೇ ಇದೆ |
| ಗ್ರಂಥಾಲಯ | 148 ಮೀ | 1.2 ಡಿಬಿ | ಲಿಂಕ್ ಬರುತ್ತದೆ, ಹೋಗುತ್ತದೆ |
| ಪ್ರಯೋಗಾಲಯ | 236 ಮೀ | 1.6 ಡಿಬಿ | ಲಿಂಕ್ ಇಲ್ಲ |

ಇಂಥ ಕಡೆ ಎಲ್ಲರ ಕೈಯೂ ಮೊದಲು ಹೋಗುವುದು ಕನೆಕ್ಟರ್ ಒರೆಸುವ ಬಟ್ಟೆಗೆ. ಅದು ತಪ್ಪಲ್ಲ, ಕೊಳಕು ಕನೆಕ್ಟರ್‌ನಿಂದ ಆಗುವ ತೊಂದರೆಗೆ ಲೆಕ್ಕವಿಲ್ಲ. ಇಲ್ಲಿಯೂ ಎಲ್ಲ ಕನೆಕ್ಟರ್‌ಗಳನ್ನು ಸ್ಕೋಪ್‌ನಲ್ಲಿ ನೋಡಿ ಒರೆಸಿದರು, ಮಾಡ್ಯೂಲ್‌ಗಳನ್ನು ಅದಲುಬದಲು ಮಾಡಿದರು, ಪೋರ್ಟ್ ಬದಲಿಸಿದರು. ಫಲ ಅದೇ. ಪ್ರಯೋಗಾಲಯದ ಲಿಂಕ್‌ಗೆ ಹಳೆಯ ಎಸ್‌ಎಕ್ಸ್ ಮಾಡ್ಯೂಲ್ ವಾಪಸು ಹಾಕಿದರೆ ಮರುಕ್ಷಣ 1 ಗಿಗಾಬಿಟ್ ಸಲೀಸಾಗಿ ಓಡುತ್ತಿತ್ತು. “ಕೇಬಲ್ ಚೆನ್ನಾಗಿದೆ, ಮಾಡ್ಯೂಲ್‌ನದ್ದೇ ದೋಷ” ಎಂಬ ತೀರ್ಮಾನಕ್ಕೆ ಬರಲು ಅಷ್ಟು ಸಾಕಾಯಿತು. ಎರಡು ಕಂಪನಿಗಳ ಮಾಡ್ಯೂಲ್ ತರಿಸಿ ನೋಡಿ ಮೂರು ದಿನ ಕಳೆಯಿತು.

ಮೀಟರ್ ಹೇಳಿದ್ದು

ಮಾಡ್ಯೂಲ್‌ಗಳು ತಮ್ಮ ಬೆಳಕಿನ ಅಳತೆಯನ್ನು ತಾವೇ ಸ್ವಿಚ್‌ಗೆ ತಿಳಿಸುತ್ತವೆ. ಆಡಳಿತ ವಿಭಾಗದ ಲಿಂಕ್‌ನಲ್ಲಿ ಕಳಿಸುವ ಬೆಳಕು −2.4 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ), ಮುಖ್ಯ ಕಟ್ಟಡದ ಕಡೆ ಬಂದು ತಲುಪಿದ್ದು −3.5 ಡಿಬಿಎಂ. 10ಜಿಬೇಸ್-ಎಸ್‌ಆರ್‌ನಲ್ಲಿ ಸ್ವೀಕರಿಸುವ ತುದಿಗೆ ಬರಬೇಕಾದ ಕನಿಷ್ಠ ಸರಾಸರಿ ಬೆಳಕು −9.9 ಡಿಬಿಎಂ. ಅಂದರೆ 6 ಡಿಬಿಗೂ ಮೀರಿದ ಉಳಿತಾಯ. ಪ್ರಯೋಗಾಲಯದ ತುದಿಯಲ್ಲೂ −4.3 ಡಿಬಿಎಂ ಬರುತ್ತಿತ್ತು, ಆದರೆ ಲಿಂಕ್ ಮಾತ್ರ ಏಳುತ್ತಿರಲಿಲ್ಲ.

ಇಷ್ಟು ಬೆಳಕಿದ್ದೂ ದೋಷ ಬರುತ್ತಿದ್ದರೆ ಅಲ್ಲಿಗೇ ಡಿಬಿಯ ವಿಚಾರಣೆ ಮುಗಿಸಬೇಕು. ಪವರ್ ಮೀಟರ್ ಅಳೆಯುವುದು ಸರಾಸರಿ ಬೆಳಕನ್ನು. ಆ ಬೆಳಕು ಒಂದು-ಸೊನ್ನೆಗಳಾಗಿ ಬಿಡಿಬಿಡಿಯಾಗಿ ಬಂತೋ, ಒಂದರೊಳಗೊಂದು ಕಲಸಿಕೊಂಡು ಬಂತೋ ಅದಕ್ಕೆ ಗೊತ್ತಾಗುವುದಿಲ್ಲ. ಓಟಿಡಿಆರ್ ಎಂಬ ಉಪಕರಣಕ್ಕೂ ಗೊತ್ತಾಗುವುದಿಲ್ಲ. ಅದು ಉದ್ದ, ಜೋಡಣೆ, ಬಾಗು, ತುಂಡು ಇವನ್ನು ತೋರಿಸುತ್ತದೆ. ಈ ಕೇಬಲ್‌ನ ಓಟಿಡಿಆರ್ ಗೆರೆಗಳು ಪಾಠಕ್ಕೆ ಇಡಬಹುದಾದಷ್ಟು ನೇರವಾಗಿದ್ದವು. ಕೆಲಸದ ಜಾಗದಲ್ಲಿ ಬಳಸುವ ಮಾಮೂಲಿ ಉಪಕರಣಗಳಲ್ಲಿ ಯಾವುದೂ ಬ್ಯಾಂಡ್‌ವಿಡ್ತ್, ಅಂದರೆ ಬಿಟ್‌ಗಳು ಕಲಸಿಕೊಳ್ಳದೆ ಎಷ್ಟು ವೇಗದಲ್ಲಿ ಸಾಗಬಲ್ಲವು ಎಂಬುದನ್ನು, ಅಳೆಯುವುದಿಲ್ಲ. ಅದನ್ನು ಅಳೆಯುವುದು ಫೈಬರ್ ತಯಾರಾಗುವ ಕಡೆ. ನಮಗೆ ಸಿಗುವುದು ಕೇಬಲ್ ಹಾಳೆಯಲ್ಲಿ ಅಚ್ಚಾದ ಎರಡು ಅಂಕಿ ಮಾತ್ರ.

ನಷ್ಟ ಪರೀಕ್ಷೆಯ ವರದಿಯನ್ನು ಮತ್ತೆ ತೆಗೆದು ನೋಡಿದಾಗ ತಪ್ಪು ಎಲ್ಲಿ ಆಯಿತೆಂದು ತಿಳಿಯಿತು. ಟೆಸ್ಟರ್‌ನಲ್ಲಿ ಆರಿಸಿದ್ದ ಮಿತಿ ಸಾಮಾನ್ಯ ಕೇಬಲ್ ಮಿತಿ: ಕಿಲೋಮೀಟರಿಗೆ 3.5 ಡಿಬಿ, ಪ್ರತಿ ಕನೆಕ್ಟರ್ ಜೋಡಿಗೆ 0.75 ಡಿಬಿ. 236 ಮೀಟರಿಗೆ ಅದು 0.83 + 1.5, ಸುಮಾರು 2.3 ಡಿಬಿ. ಅಳತೆ 1.6 ಬಂದಿತ್ತು, ಆದ್ದರಿಂದ ಪಾಸ್. ಅದೇ ಟೆಸ್ಟರ್‌ನಲ್ಲಿ ಫೈಬರ್ ಬಗೆ ಓಎಂ1 (ಮಲ್ಟಿಮೋಡ್‌ನ ಹಳೆಯ ದರ್ಜೆ, ಓಎಂ2, ಓಎಂ3, ಓಎಂ4 ಅದಕ್ಕಿಂತ ಮೇಲಿನವು), ಅನ್ವಯ 10ಜಿಬೇಸ್-ಎಸ್‌ಆರ್ ಎಂದು ಆರಿಸಿದ್ದರೆ ಉದ್ದದ ಮಿತಿ 33 ಮೀಟರ್, ನಷ್ಟದ ಮಿತಿ 1.6 ಡಿಬಿ ಆಗುತ್ತಿತ್ತು. ನಾಲ್ಕರಲ್ಲಿ ಮೂರು ಲಿಂಕ್ ಉದ್ದದ ಕಲಮಿನಲ್ಲೇ ಫೇಲ್.

ಕೇಬಲ್ ಮೈಮೇಲಿನ ಅಕ್ಷರ

ಕೇಬಲ್ ಹೊರಕವಚ ಕಿತ್ತಳೆ ಬಣ್ಣದ್ದು. ನಕ್ಷೆಯಲ್ಲಿ “ಮಲ್ಟಿಮೋಡ್, 12 ಎಳೆ” ಎಂದಷ್ಟೇ ಇತ್ತು. ಕಿತ್ತಳೆ ಬಣ್ಣ ನೋಡಿ ಓಎಂ2 ಎಂದು ಹೇಳುವವರು ಬಹಳ. ಆದರೆ ಓಎಂ1, ಓಎಂ2 ಎರಡಕ್ಕೂ ಕಿತ್ತಳೆಯೇ. ಓಎಂ3ರಿಂದ ಮುಂದೆ ತಿಳಿ ಹಸಿರುನೀಲಿ ಬಂದದ್ದು. ಬಣ್ಣ ಬಿಟ್ಟು ಅಕ್ಷರ ಓದಬೇಕು. ಸರ್ವರ್ ಕೋಣೆಯ ಪ್ಯಾನೆಲ್ ಹಿಂದೆ, ಧೂಳು ಒರೆಸಿ ಟಾರ್ಚ್ ಹಿಡಿದಾಗ “62.5/125” ಕಂಡಿತು. ಕಡತದಲ್ಲಿದ್ದ ಕೇಬಲ್ ಹಾಳೆಯಲ್ಲಿ “200/500”. ಇದೇ ಓಎಂ1: 62.5 ಮೈಕ್ರಾನ್ ಕೋರ್ (ಬೆಳಕು ಸಾಗುವ ಗಾಜಿನ ನಡುಭಾಗ), 850 ನ್ಯಾನೊಮೀಟರಿನಲ್ಲಿ 200 ಮೆಗಾಹರ್ಟ್ಸ್-ಕಿಲೋಮೀಟರ್, 1300ರಲ್ಲಿ 500.

ಇದು ಓಎಂ2 ಆಗಿದ್ದರೆ, ಅಂದರೆ 50 ಮೈಕ್ರಾನ್, 500/500 ಆಗಿದ್ದರೆ, 74 ಮೀಟರಿನ ಆಡಳಿತ ವಿಭಾಗದ ಲಿಂಕ್ ನೆಟ್ಟಗೆ ನಡೆಯುತ್ತಿತ್ತು. ಓಎಂ2ರ ಮೇಲೆ ಎಸ್‌ಆರ್ ಮಿತಿ 82 ಮೀಟರ್. ಮಾಹಿತಿ ಹಾಳೆಯ 300 ಮೀಟರ್ ಓಎಂ3ಕ್ಕೆ ಹೇಳಿದ ಮಾತು. ಆ ಹಾಳೆಯ ಎರಡನೇ ಪುಟದಲ್ಲಿ ಪೂರ್ತಿ ಪಟ್ಟಿ ಇತ್ತು, ಸಣ್ಣಕ್ಷರದಲ್ಲಿ.

ಪಲ್ಸ್ ಹರಡುವುದು ಹೇಗೆ

62.5 ಮೈಕ್ರಾನ್ ಕೋರ್‌ನಲ್ಲಿ 850 ನ್ಯಾನೊಮೀಟರ್ ಬೆಳಕು ಸುಮಾರು 1000 ಮೋಡ್‌ಗಳಲ್ಲಿ, ಅಂದರೆ ದಾರಿಗಳಲ್ಲಿ, ಸಾಗಬಲ್ಲದು. 50 ಮೈಕ್ರಾನ್ ಕೋರ್‌ನಲ್ಲಿ ಸುಮಾರು 340. ನಡುವೆ ನೇರವಾಗಿ ಹೋಗುವ ಮೋಡ್ ಕಡಿಮೆ ದೂರ ಕ್ರಮಿಸುತ್ತದೆ, ಅಂಚಿನತ್ತ ಬಳಸಿ ಹೋಗುವುದು ಹೆಚ್ಚು ದೂರ. ಕೋರ್‌ನ ಉದ್ದಗಲಕ್ಕೂ ವಕ್ರೀಭವನ ಸೂಚ್ಯಂಕ ಒಂದೇ ಆಗಿದ್ದರೆ ಇವೆರಡರ ನಡುವೆ ಒಂದು ಕಿಲೋಮೀಟರಿಗೆ ಸುಮಾರು 100 ನ್ಯಾನೊಸೆಕೆಂಡ್ ಅಂತರ ಬೀಳುತ್ತಿತ್ತು. ಅದಕ್ಕೇ ಸೂಚ್ಯಂಕವನ್ನು ನಡುವಿನಲ್ಲಿ ಹೆಚ್ಚು, ಅಂಚಿಗೆ ಹೋದಂತೆ ಕಡಿಮೆ ಇಡುತ್ತಾರೆ. ಬಳಸು ದಾರಿ ಹಿಡಿದ ಬೆಳಕು ಅಂಚಿನಲ್ಲಿ ಬೇಗ ಓಡಿ, ನೇರ ಬಂದದ್ದನ್ನು ಹೆಚ್ಚುಕಡಿಮೆ ಹಿಡಿಯುತ್ತದೆ. ಈ ಇಳಿಜಾರು ಕರಾರುವಾಕ್ಕಾಗಿದ್ದರೆ ಅಂತರ ಕಿಲೋಮೀಟರಿಗೆ 0.25 ನ್ಯಾನೊಸೆಕೆಂಡಿನಷ್ಟಕ್ಕೆ ಇಳಿಯಬಹುದು. ನಿಜವಾದ ಫೈಬರ್‌ನಲ್ಲಿ ಅಷ್ಟು ಕರಾರುವಾಕ್ಕು ಎಲ್ಲಿ? 200 ಮೆಗಾಹರ್ಟ್ಸ್-ಕಿಲೋಮೀಟರ್ ಅಂದರೆ ಪಲ್ಸ್‌ನ ಏರಿಕೆಯ ಅವಧಿ ಕಿಲೋಮೀಟರಿಗೆ ಸುಮಾರು 2.4 ನ್ಯಾನೊಸೆಕೆಂಡ್ ಹರಡಿದಂತೆ. ಲೆಕ್ಕದ ಸೂತ್ರ ಸರಳ: 0.48ನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸುವುದು.

ಇದನ್ನು ನಮ್ಮ ಲಿಂಕ್‌ಗಳಿಗೆ ಹಚ್ಚಿ ನೋಡಿ. 10 ಗಿಗಾಬಿಟ್‌ನ ಸಾಲಿನ ವೇಗ 10.3125 ಗಿಗಾಬಾಡ್, ಒಂದು ಬಿಟ್‌ನ ಅವಧಿ 97 ಪಿಕೊಸೆಕೆಂಡ್. 30 ಮೀಟರಿನಲ್ಲಿ ಹರಡಿಕೆ 72 ಪಿಕೊಸೆಕೆಂಡ್, ಬಿಟ್‌ಗಿಂತ ಕಡಿಮೆ. 74 ಮೀಟರಿನಲ್ಲಿ 178, ಹತ್ತಿರ ಹತ್ತಿರ ಎರಡು ಬಿಟ್. 236 ಮೀಟರಿನಲ್ಲಿ 566, ಅಂದರೆ ಒಂದು ಬಿಟ್ ತನ್ನ ಮುಂದಿನ ಐದಾರು ಬಿಟ್‌ಗಳ ಮೇಲೆ ಚೆಲ್ಲಿಕೊಂಡಿದೆ. ಬರೆದ ಅಕ್ಷರದ ಮೇಲೆ ನೀರು ಬಿದ್ದಂತೆ: ಶಾಯಿ ಎಲ್ಲವೂ ಹಾಳೆಯ ಮೇಲೇ ಇದೆ, ಓದಲು ಮಾತ್ರ ಬರುವುದಿಲ್ಲ. ಇದಕ್ಕೆ ಇನ್ನಷ್ಟು ಶಾಯಿ ಸುರಿದು ಉಪಯೋಗವಿಲ್ಲ. ಹೆಚ್ಚು ಶಕ್ತಿಯ ಲೇಸರ್ ಹುಡುಕುವುದೂ ಹಾಗೆಯೇ.

1 ಗಿಗಾಬಿಟ್‌ಗೆ ಬಿಟ್ ಅವಧಿ 800 ಪಿಕೊಸೆಕೆಂಡ್. 236 ಮೀಟರಿನ 566 ಅದರೊಳಗೆ ಹಿಡಿಸುತ್ತದೆ. ಹಳೆಯ ಮಾಡ್ಯೂಲ್ ಹಾಕಿದೊಡನೆ ಲಿಂಕ್ ಎದ್ದು ಕೂತದ್ದು ಅದಕ್ಕೇ. ಅದರಿಂದ ಕೇಬಲ್ 10ಕ್ಕೂ ಯೋಗ್ಯ ಎಂದು ಹೇಳಲು ಬರುವುದಿಲ್ಲ.

ಕೈಲೆಕ್ಕ: ಭಾಗಿಸಿ ನೋಡುವುದು

ಐಇಇಇ 802.3 ಪಟ್ಟಿಯಲ್ಲಿ ಎಸ್‌ಆರ್ ದೂರಗಳು ಹೀಗಿವೆ: 160 ಮೆಗಾಹರ್ಟ್ಸ್-ಕಿಲೋಮೀಟರಿನ ಫೈಬರ್‌ಗೆ 26 ಮೀಟರ್, 200ಕ್ಕೆ 33, 400ಕ್ಕೆ 66, 500ಕ್ಕೆ 82, 2000ಕ್ಕೆ 300. ಬಾಯಿಪಾಠ ಮಾಡುವ ಬದಲು ಒಮ್ಮೆ ಭಾಗಿಸಿದರೆ ಗುಟ್ಟು ತಿಳಿಯುತ್ತದೆ. 160ನ್ನು 0.026ರಿಂದ ಭಾಗಿಸಿದರೆ 6150, 200ನ್ನು 0.033ರಿಂದ ಭಾಗಿಸಿದರೆ 6060, 500ನ್ನು 0.082ರಿಂದ 6100, 2000ನ್ನು 0.3ರಿಂದ 6670. ಎಲ್ಲವೂ 6 ಗಿಗಾಹರ್ಟ್ಸ್ ಆಸುಪಾಸು, ಅಂದರೆ ಸಾಲಿನ ವೇಗದ ಸುಮಾರು 0.6 ಪಾಲು. ಎಸ್‌ಎಕ್ಸ್‌ಗೂ ಅದೇ ನಡೆಯುತ್ತದೆ: 200ಕ್ಕೆ 275 ಮೀಟರ್ ಅಂದರೆ 727 ಮೆಗಾಹರ್ಟ್ಸ್, ಅದು 1.25 ಗಿಗಾಬಾಡ್‌ನ 0.58 ಪಾಲು.

ಈಗ ಕ್ಯಾಂಪಸ್‌ನ ನಾಲ್ಕು ಲಿಂಕ್: 30 ಮೀಟರಿಗೆ 6670 ಮೆಗಾಹರ್ಟ್ಸ್, 74ಕ್ಕೆ 2700, 148ಕ್ಕೆ 1350, 236ಕ್ಕೆ 850. ಹತ್ತಕ್ಕೆ ಬೇಕಾದದ್ದು 6000, ಒಂದಕ್ಕೆ ಬೇಕಾದದ್ದು 730. ಮಾಡ್ಯೂಲ್ ಕೊಳ್ಳುವ ಮೊದಲು ಚೀಟಿಯೊಂದರ ಹಿಂದೆ ಮಾಡಬಹುದಾಗಿದ್ದ ಲೆಕ್ಕ ಇಷ್ಟೇ.

ಒಂದು ಎಚ್ಚರಿಕೆ. ಈ ಭಾಗಾಕಾರ ಓಎಂ4ಕ್ಕೆ ನೆಟ್ಟಗೆ ಕೂರುವುದಿಲ್ಲ. ಅದರ ಪರಿಣಾಮಕಾರಿ ಬ್ಯಾಂಡ್‌ವಿಡ್ತ್ 4700, ಪಟ್ಟಿಯ ದೂರ 400 ಮೀಟರ್, ಭಾಗಿಸಿದರೆ 11,750 ಬರುತ್ತದೆ. ಮೋಡ್‌ಗಳ ಜಗಳ ತಗ್ಗಿದ ಮೇಲೆ ಬಣ್ಣಗಳ ಜಗಳ ಮುಂದೆ ಬರುತ್ತದೆ. ಈ ಮಾಡ್ಯೂಲ್‌ಗಳಲ್ಲಿರುವ ವಿಸಿಎಸ್‌ಇಎಲ್ ಬಗೆಯ ಲೇಸರ್ ಒಂದೇ ತರಂಗಾಂತರ ಸೂಸುವುದಿಲ್ಲ, 850ರ ಸುತ್ತ ಗಾಜಿನಲ್ಲಿ ಬೇರೆ ಬೇರೆ ತರಂಗಾಂತರಗಳ ವೇಗ ಬೇರೆ. ಅಲ್ಲಿ ಮಿತಿ ಹಾಕುವುದು ಲೇಸರ್‌ನ ರೋಹಿತದ ಅಗಲ.

ಹಸಿರು ದೀಪ ಎಷ್ಟು ನಂಬಿಕೆಗೆ ಅರ್ಹ

ಆಡಳಿತ ವಿಭಾಗದ ಲಿಂಕ್ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿತು. ದೀಪ ಹಸಿರು, ಸ್ವಿಚ್‌ನಲ್ಲಿ 10 ಗಿಗಾಬಿಟ್ ಎಂದು ಬರೆದಿದೆ, ಪಿಂಗ್ ಹೋಗುತ್ತದೆ. ಬಳಸುವವರ ದೂರು ಮಾತ್ರ “ಮೊದಲಿಗಿಂತ ನಿಧಾನ”. ಅವರು ಹೇಳಿದ್ದು ನಿಜ.

10 ಗಿಗಾಬಿಟ್‌ನಲ್ಲಿ ದತ್ತಾಂಶ 66 ಬಿಟ್‌ಗಳ ತುಂಡುಗಳಾಗಿ ಹೋಗುತ್ತದೆ, ಪ್ರತಿ ತುಂಡಿಗೂ 2 ಬಿಟ್‌ನ ತಲೆಗುರುತು. 125 ಮೈಕ್ರೊಸೆಕೆಂಡ್‌ನಲ್ಲಿ 16 ಅಥವಾ ಹೆಚ್ಚು ತಲೆಗುರುತು ಕೆಟ್ಟರೆ ಸ್ವೀಕರಿಸುವ ಕಡೆ ಲಿಂಕ್ ಬೀಳಿಸುತ್ತದೆ. ಆ ಅವಧಿಯಲ್ಲಿ ಸುಮಾರು 19,500 ತುಂಡುಗಳು ಬರುತ್ತವೆ. ಲೆಕ್ಕ ಹಾಕಿದರೆ, ಹತ್ತು ಸಾವಿರ ಬಿಟ್‌ಗಳಲ್ಲಿ ನಾಲ್ಕು ಕೆಡುವವರೆಗೂ ಲಿಂಕ್ ನಿಂತಿರುತ್ತದೆ. ಮಾನದಂಡ ಕೇಳುವುದು ಲಕ್ಷ ಕೋಟಿ ಬಿಟ್‌ಗೆ ಒಂದು ದೋಷ. ಈ ಎರಡರ ನಡುವಿನ ಅಷ್ಟೂ ಬಯಲಿನಲ್ಲಿ ದೀಪ ಹಸಿರೇ. ಗ್ರಂಥಾಲಯದ ಲಿಂಕ್ ಈ ಗಡಿಯ ಮೇಲೆ ಕೂತಿತ್ತು, ಆದ್ದರಿಂದ ಬಂದು ಹೋಗುತ್ತಿತ್ತು. ಪ್ರಯೋಗಾಲಯದ್ದು ಗಡಿಯಿಂದಾಚೆ.

ಆಡಳಿತ ವಿಭಾಗದಲ್ಲಿ 1-2ನೇ ಎಳೆಗಳ ಜೋಡಿಯ ಮೇಲೆ 10 ನಿಮಿಷದಲ್ಲಿ ಸುಮಾರು 2 ಕೋಟಿ ಫ್ರೇಮ್‌ಗಳು ಹೋದವು, 23,700 ಫ್ರೇಮ್‌ಗಳ ಸಿಆರ್‌ಸಿ (ದೋಷ ಪತ್ತೆಯ ತಾಳೆ ಅಂಕಿ) ಕೆಟ್ಟಿತ್ತು. ಸಾವಿರಕ್ಕೆ ಒಂದು ಚಿಲ್ಲರೆ. ನೋಡಲು ಚಿಕ್ಕದು. ಆದರೆ ಟಿಸಿಪಿ ಪ್ರತಿ ಪ್ಯಾಕೆಟ್ ನಷ್ಟವನ್ನೂ ದಟ್ಟಣೆ ಎಂದು ತಿಳಿದು ವೇಗ ಇಳಿಸುತ್ತದೆ. ಹೋಗಿಬರುವ ಸಮಯ 0.5 ಮಿಲಿಸೆಕೆಂಡ್, ಪ್ಯಾಕೆಟ್ಟಿಗೆ 1460 ಬೈಟ್ ಎಂದಿಟ್ಟುಕೊಂಡರೆ, ಈ ನಷ್ಟದಲ್ಲಿ ಸಾಂಪ್ರದಾಯಿಕ ಟಿಸಿಪಿಯ ಒಂದು ಹರಿವು ಸುಮಾರು 820 ಮೆಗಾಬಿಟ್‌ಗೆ ನಿಂತುಬಿಡುತ್ತದೆ. ಹಳೆಯ 1 ಗಿಗಾಬಿಟ್ ಲಿಂಕ್‌ನಲ್ಲಿ 940ರ ಹತ್ತಿರ ಸಿಗುತ್ತಿತ್ತು.

ಎಳೆಯಿಂದ ಎಳೆಗೆ ಬೇರೆ

ಅದೇ ಕೇಬಲ್, ಅದೇ ಉದ್ದ. 5-6ನೇ ಜೋಡಿಗೆ ಬದಲಿಸಿದಾಗ 10 ನಿಮಿಷಕ್ಕೆ 310 ದೋಷ. 9-10ರಲ್ಲಿ ಲಿಂಕ್ ನಿಲ್ಲಲೇ ಇಲ್ಲ. 5-6ನ್ನೇ ತೆಗೆದು ಮತ್ತೆ ಚುಚ್ಚಿದರೆ ಎಣಿಕೆ ಸಾವಿರ ದಾಟಿತು. ಪ್ಯಾಚ್ ಕಾರ್ಡನ್ನು ರ್‍ಯಾಕ್‌ನ ಬದಿಗೆ ಪಟ್ಟಿಯಿಂದ ಬಿಗಿದರೆ ಇನ್ನೊಂದು ಅಂಕಿ. ಅನುಭವಸ್ಥರೂ ಇಲ್ಲಿ “ಕನೆಕ್ಟರ್ ಸಡಿಲ” ಎಂಬ ತೀರ್ಮಾನಕ್ಕೆ ಜಾರುತ್ತಾರೆ, ಏಕೆಂದರೆ ಲಕ್ಷಣ ಹಾಗೆಯೇ ಕಾಣುತ್ತದೆ. ಆದರೆ ಈ ಪ್ರತಿ ಬದಲಾವಣೆಯಲ್ಲೂ ಬಂದು ತಲುಪಿದ ಬೆಳಕು 0.2 ಡಿಬಿಗಿಂತ ಹೆಚ್ಚು ಅಲುಗಲಿಲ್ಲ. ದೋಷ ನೂರು ಪಟ್ಟು ಬದಲಾಗಿ ಬೆಳಕು ಬದಲಾಗದಿದ್ದರೆ ಮೋಡ್‌ಗಳ ಕಡೆ ನೋಡಬೇಕು.

200 ಎಂಬ ಅಂಕಿ ಎಲ್ಲಿಂದ ಬಂತು ಎಂಬುದರಲ್ಲಿ ಕಾರಣವಿದೆ. ಅದನ್ನು ಅಳೆದದ್ದು ಎಲ್ಲ ಮೋಡ್‌ಗಳನ್ನೂ ತುಂಬಿಸಿ, ಎಲ್‌ಇಡಿ ತುಂಬಿಸುವ ಹಾಗೆ. ಲೇಸರ್ ಹಾಗಲ್ಲ, ಕೋರ್‌ನ ಒಂದು ಭಾಗಕ್ಕಷ್ಟೇ ಬೆಳಕು ಹಾಕುತ್ತದೆ, ಕೆಲವೇ ಮೋಡ್‌ಗಳು ಏಳುತ್ತವೆ. ಆ ಕೆಲವು ಒಂದೇ ವೇಗದವಾದರೆ ಬ್ಯಾಂಡ್‌ವಿಡ್ತ್ 200ಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತದೆ. 74 ಮೀಟರಿನಲ್ಲಿ ಲಿಂಕ್ ಎದ್ದದ್ದೇ ಈ ಪುಣ್ಯದಿಂದ. ಬೇರೆ ಬೇರೆ ವೇಗದವಾದರೆ 200ಕ್ಕಿಂತ ಕಡಿಮೆಯೂ ಆಗಬಹುದು. ಹಳೆಯ ಫೈಬರ್‌ಗಳಲ್ಲಿ ಕೋರ್‌ನ ನಟ್ಟನಡುವೆ ಒಂದು ಕುಳಿ ಇರುತ್ತಿತ್ತು: ಗಾಜಿನ ಕೊಳವೆಯನ್ನು ಕಾಯಿಸಿ ಮುಚ್ಚುವಾಗ ಒಳಮೈಯ ಜರ್ಮೇನಿಯಂ ಆಕ್ಸೈಡ್ ಒಂದಷ್ಟು ಆವಿಯಾಗಿ, ಅಲ್ಲಿ ಸೂಚ್ಯಂಕ ಬಿದ್ದುಹೋಗುತ್ತಿತ್ತು. ಎಲ್‌ಇಡಿಯ ಸಾವಿರ ಮೋಡ್‌ಗಳ ನಡುವೆ ಈ ಕುಳಿ ಗಣನೆಗೆ ಬರುತ್ತಿರಲಿಲ್ಲ. ಲೇಸರ್ ಅಲ್ಲಿಗೇ ಗುರಿಯಿಟ್ಟರೆ ಕುಳಿಯದೇ ಕಾರುಬಾರು. ಓಎಂ3, ಓಎಂ4 ಫೈಬರ್‌ಗಳನ್ನು ಕೋರ್‌ನ ಅಡ್ಡಗಲಕ್ಕೂ ಚುಕ್ಕೆ ಚುಕ್ಕೆಯಾಗಿ ಲೇಸರ್ ಸರಿಸಿ, ಪ್ರತಿ ಕಡೆಯ ವಿಳಂಬ ಅಳೆದು ಮಾರುವುದು ಇದೇ ಕಾರಣಕ್ಕೆ. ಓಎಂ1ಕ್ಕೆ ಆ ಪರೀಕ್ಷೆಯೇ ಇಲ್ಲ, ಆದ್ದರಿಂದ “ಈ ಜೋಡಿ ಚೆನ್ನಾಗಿ ಓಡುತ್ತಿದೆ, ಬಿಡಿ” ಎಂದು ಬಿಡುವ ಹಾಗಿಲ್ಲ. ನಾಳೆ ಯಾರೋ ಕಾರ್ಡ್ ತೆಗೆದು ಚುಚ್ಚಿದರೆ ಮತ್ತೆ ಮೊದಲಿಗೆ.

ಇಲ್ಲೊಂದು ಅಡ್ಡದಾರಿಯೂ ಸಿಕ್ಕಿತ್ತು. ಆಡಳಿತ ವಿಭಾಗದ ತುದಿಯಲ್ಲಿ ಯಾರೋ 2 ಮೀಟರಿನ ಓಎಂ3 ಪ್ಯಾಚ್ ಕಾರ್ಡ್ ಹಾಕಿದ್ದರು. ಹೊರಹೋಗುವ ದಿಕ್ಕಿನಲ್ಲಿ 50 ಮೈಕ್ರಾನ್‌ನಿಂದ 62.5ಕ್ಕೆ ಬೆಳಕು ಸುಲಭವಾಗಿ ದಾಟುತ್ತದೆ. ಒಳಬರುವ ದಿಕ್ಕಿನಲ್ಲಿ 62.5ರಿಂದ 50ಕ್ಕೆ ದಾಟುವಾಗ ಅಂಚಿನ ಬೆಳಕು ಸೋರುತ್ತದೆ. ಎಲ್ಲ ಮೋಡ್‌ಗಳೂ ತುಂಬಿದ್ದರೆ ಆ ನಷ್ಟ ಲೆಕ್ಕಪ್ರಕಾರ 4.7 ಡಿಬಿ (ಕೋರ್ ಅಳತೆಯಿಂದ 1.9, ಬೆಳಕು ಹಿಡಿಯುವ ಕೋನದಿಂದ 2.8), ಲೇಸರ್ ಬೆಳಕಿಗೆ ಅದಕ್ಕಿಂತ ಕಡಿಮೆ. ಆ ತುದಿಯಲ್ಲಿ −5.6 ಡಿಬಿಎಂ ಬರುತ್ತಿದ್ದದ್ದು, 62.5ರ ಕಾರ್ಡ್ ಹಾಕಿದ ಮೇಲೆ −3.5ಕ್ಕೆ ಏರಿತು. ಎರಡು ಡಿಬಿ ವಾಪಸು ಸಿಕ್ಕಿತು, ದೋಷದ ಎಣಿಕೆ ಹೆಚ್ಚುಕಡಿಮೆ ಅಲ್ಲೇ ಇತ್ತು. ಕಾರ್ಡ್ ಬದಲಿಸಿದ್ದು ಸರಿಯೇ, ಆದರೆ ರೋಗ ಅದಲ್ಲ.

ಏನು ಮಾಡಬಹುದಿತ್ತು

ಮೊದಲ ದಾರಿ, ಮುಟ್ಟದೆ 1 ಗಿಗಾಬಿಟ್‌ನಲ್ಲೇ ಇರುವುದು, ಅಥವಾ ನಾಲ್ಕು ಜೋಡಿ ಎಳೆಗಳ ಮೇಲೆ ನಾಲ್ಕು ಗಿಗಾಬಿಟ್ ಲಿಂಕ್ ಹಾಕಿ ಒಟ್ಟುಗೂಡಿಸುವುದು. ಕಡಿಮೆ ಖರ್ಚಿನದು, ಕೂಡಲೇ ಆಗುತ್ತದೆ. ಒಂದು ಹರಿವಿಗೆ ಮಾತ್ರ 1 ಗಿಗಾಬಿಟ್‌ಗಿಂತ ಹೆಚ್ಚು ಸಿಗುವುದಿಲ್ಲ.

ಎರಡನೆಯದು 10ಜಿಬೇಸ್-ಎಲ್‌ಆರ್‌ಎಂ. 2006ರಲ್ಲಿ ಬಂದ ಈ ಬಗೆಯನ್ನು ಇಂಥ ಹಳೆಯ ಫೈಬರ್‌ಗೆಂದೇ ಮಾಡಿದ್ದು. 1310 ನ್ಯಾನೊಮೀಟರಿನ ಲೇಸರ್, ಓಎಂ1ರ ಮೇಲೂ 220 ಮೀಟರ್. ಅಲ್ಲಿ ಫೈಬರ್‌ನ ಬ್ಯಾಂಡ್‌ವಿಡ್ತ್ 500 ಮೆಗಾಹರ್ಟ್ಸ್-ಕಿಲೋಮೀಟರ್, 220 ಮೀಟರಿಗೆ ಭಾಗಿಸಿದರೆ 2270 ಮಾತ್ರ, 6000 ಅಲ್ಲ. ಉಳಿದದ್ದನ್ನು ಸ್ವೀಕರಿಸುವ ಕಡೆಯ ಸಮೀಕಾರಕ ತುಂಬಿಕೊಡುತ್ತದೆ: ಹಿಂದಿನ ಮುಂದಿನ ಬಿಟ್‌ಗಳಿಂದ ಚೆಲ್ಲಿದ ಪಾಲನ್ನು ಅಂದಾಜಿಸಿ, ಕಳೆದು, ಬಿಟ್‌ನ್ನು ಬಿಡಿಸಿಕೊಳ್ಳುತ್ತದೆ. ತೊಡಕು ಸ್ವಿಚ್‌ನದು. ಎಸ್‌ಎಫ್‌ಪಿ ಪ್ಲಸ್ ಎಂಬ ಚಿಕ್ಕ ಮಾಡ್ಯೂಲ್ ಗಾತ್ರದಲ್ಲಿ ಈ ಸಮೀಕಾರಕ ಸಾಮಾನ್ಯವಾಗಿ ಮಾಡ್ಯೂಲ್ ಒಳಗಿರುವುದಿಲ್ಲ, ಸ್ವಿಚ್‌ನ ಪೋರ್ಟ್ ಚಿಪ್‌ನಲ್ಲಿರಬೇಕು. ಎಲ್ಲ ಪೋರ್ಟ್‌ಗಳಲ್ಲೂ ಇರುತ್ತದೆ ಎಂಬ ಭರವಸೆಯಿಲ್ಲ. ಇಲ್ಲಿ ತಂದ ಸ್ವಿಚ್‌ನಲ್ಲಿ ಕೊನೆಯ ನಾಲ್ಕು ಪೋರ್ಟ್‌ಗಳಲ್ಲಿ ಮಾತ್ರ ಇತ್ತು, ಅದೂ ಕೈಪಿಡಿಯ ಅಡಿಟಿಪ್ಪಣಿಯಲ್ಲಿ.

ಸಿಂಗಲ್ ಮೋಡ್ ಫೈಬರ್‌ಗೆಂದು ಮಾಡಿದ ಮಾಮೂಲಿ ಎಲ್‌ಆರ್ ಮಾಡ್ಯೂಲನ್ನೇ ಓಎಂ1ಕ್ಕೆ ಚುಚ್ಚಿ ನೋಡುವ ಚಾಳಿಯೂ ಉಂಟು. ಕೆಲವೊಮ್ಮೆ ಓಡುತ್ತದೆ. ಸಮೀಕಾರಕವಿಲ್ಲ, ಮಾನದಂಡದ ಬೆಂಬಲವಿಲ್ಲ, ಇವತ್ತು ಓಡಿದ್ದು ನಾಳೆ ಓಡಬೇಕೆಂದೇನಿಲ್ಲ.

ಮೂರನೆಯದು ಹೊಸ ಕೇಬಲ್. ಓಎಂ4 ಎಳೆದರೆ 236 ಮೀಟರಿಗೆ 10 ಗಿಗಾಬಿಟ್ ಸಲೀಸು. ಆದರೆ 25 ಗಿಗಾಬಿಟ್ ಎಸ್‌ಆರ್ ಮತ್ತು 100 ಗಿಗಾಬಿಟ್ ಎಸ್‌ಆರ್4 ಎರಡೂ ಓಎಂ4ರ ಮೇಲೆ 100 ಮೀಟರಿಗೆ ನಿಲ್ಲುತ್ತವೆ. ಕಟ್ಟಡದಿಂದ ಕಟ್ಟಡಕ್ಕೆ ಮಲ್ಟಿಮೋಡ್ ಎಳೆಯುವುದು ಇದೇ ತಪ್ಪನ್ನು ಹೊಸ ಬಣ್ಣದಲ್ಲಿ ಮಾಡಿದಂತೆ. ಸಿಂಗಲ್ ಮೋಡ್‌ನಲ್ಲಿ ಮೋಡ್ ಒಂದೇ, ಕ್ಯಾಂಪಸ್ ಅಳತೆಯ ದೂರಕ್ಕೆ ಬ್ಯಾಂಡ್‌ವಿಡ್ತ್ ಪ್ರಶ್ನೆಯೇ ಏಳುವುದಿಲ್ಲ.

ಮಾಡಿದ್ದು

ಮೂರನೇ ಮಹಡಿಯ ಎಸ್‌ಆರ್ ಹಾಗೇ ಉಳಿಯಿತು. ಆಡಳಿತ ವಿಭಾಗ ಮತ್ತು ಗ್ರಂಥಾಲಯಕ್ಕೆ ಎಲ್‌ಆರ್‌ಎಂ. ಪ್ರಯೋಗಾಲಯ 220 ಮೀಟರ್ ದಾಟಿದ್ದರಿಂದ ಸದ್ಯಕ್ಕೆ 4×1 ಗಿಗಾಬಿಟ್, ಆಮೇಲೆ ಸಿಂಗಲ್ ಮೋಡ್.

ಎಲ್‌ಆರ್‌ಎಂಗೆ ಓಎಂ1ರ ಮೇಲೆ ಎರಡೂ ತುದಿಯಲ್ಲಿ ಮೋಡ್ ಕಂಡಿಷನಿಂಗ್ ಪ್ಯಾಚ್ ಕಾರ್ಡ್ ಬೇಕು. ನೋಡಲು ಜೋಡಿ ಕಾರ್ಡ್‌ನಂತೆಯೇ ಇರುತ್ತದೆ, ಒಂದು ಕಾಲಿನ ಒಂದು ತುದಿ ಮಾತ್ರ ಹಳದಿ. ಆ ಹಳದಿ ಭಾಗ ಸಿಂಗಲ್ ಮೋಡ್. ಅದನ್ನು ಮಲ್ಟಿಮೋಡ್‌ಗೆ ಬೇಕೆಂದೇ ಪಕ್ಕಕ್ಕೆ ಸರಿಸಿ ಬೆಸೆದಿರುತ್ತಾರೆ: 62.5ರ ಫೈಬರ್‌ಗೆ ನಡುವಿನಿಂದ 17–23 ಮೈಕ್ರಾನ್, 50ರದ್ದಕ್ಕೆ 10–16 ಮೈಕ್ರಾನ್. ಬೆಳಕು ಆ ನಡುಗುಳಿಯನ್ನು ತಪ್ಪಿಸಿ, ಹತ್ತಿರದ ವೇಗದ ಮೋಡ್‌ಗಳ ಗುಂಪಿಗೆ ಬೀಳುತ್ತದೆ. ಹಳದಿ ತುದಿ ಮಾಡ್ಯೂಲ್‌ನ ಕಳಿಸುವ ತೂತಿಗೆ, ಉಳಿದ ಮೂರು ಕಿತ್ತಳೆ ತುದಿಗಳಲ್ಲಿ ಒಂದು ಸ್ವೀಕರಿಸುವ ತೂತಿಗೆ, ಎರಡು ಪ್ಯಾನೆಲ್‌ಗೆ. ಕಾರ್ಡ್‌ನ ಅಳತೆ ಗೋಡೆಯೊಳಗಿನ ಕೇಬಲ್‌ನದ್ದೇ ಆಗಿರಬೇಕು.

ಗ್ರಂಥಾಲಯದಲ್ಲಿ ಮೊದಲ ಸಲ ಹಳದಿ ತುದಿ ಸ್ವೀಕರಿಸುವ ತೂತಿಗೆ ಹೋಯಿತು. ಆಗ ಬರುವ ಬೆಳಕು ದೊಡ್ಡ ಕೋರ್‌ನಿಂದ 9 ಮೈಕ್ರಾನ್‌ನ ಸಣ್ಣ ಕೋರ್‌ಗೆ, ಅದೂ ಪಕ್ಕಕ್ಕೆ ಸರಿದದ್ದಕ್ಕೆ ಇಳಿಯಬೇಕು. ಹತ್ತಕ್ಕೂ ಹೆಚ್ಚು ಡಿಬಿ ಹೋಯಿತು. ಒಂದು ತುದಿಯ ಮಾಡ್ಯೂಲ್ ಬೆಳಕೇ ಇಲ್ಲ ಎನ್ನುತ್ತದೆ, ಇನ್ನೊಂದು ತುದಿಯದ್ದು ಸರಿಯಾಗಿದೆ ಎನ್ನುತ್ತದೆ. ಈ ಲಕ್ಷಣ ಕಂಡರೆ ಮೊದಲು ಹಳದಿ ತುದಿ ಎಲ್ಲಿದೆ ನೋಡಿ. ಎಸ್‌ಆರ್, ಎಸ್‌ಎಕ್ಸ್ ಮುಂತಾದ 850ರ ಮಾಡ್ಯೂಲ್‌ಗೆ ಈ ಕಾರ್ಡ್ ಹಾಕಲೇಬಾರದು. ಆ ಲೇಸರ್ ಬೆಳಕು ಸಿಂಗಲ್ ಮೋಡ್ ಕೋರ್‌ಗೆ ಸರಿಯಾಗಿ ಹೊಗುವುದೇ ಇಲ್ಲ.

ಎಲ್‌ಆರ್‌ಎಂ ಲಿಂಕ್‌ನ ನಷ್ಟದ ಮಿತಿ 1.9 ಡಿಬಿ, ಕಳಿಸುವ ಕನಿಷ್ಠ −6.5 ಡಿಬಿಎಂ, ಸ್ವೀಕರಿಸುವ ಕನಿಷ್ಠ −8.4. ಗ್ರಂಥಾಲಯದಲ್ಲಿ 1300 ನ್ಯಾನೊಮೀಟರಿನ ಅಳತೆ 0.9 ಡಿಬಿ ಬಂತು. 1-2ನೇ ಜೋಡಿ ಕಂಡಿಷನಿಂಗ್ ಕಾರ್ಡ್‌ನೊಂದಿಗೆ ಒಂದು ದೋಷವೂ ಇಲ್ಲದೆ ಓಡಿತು. 3-4ನೇ ಜೋಡಿ ಅದೇ ಕಾರ್ಡ್‌ನಲ್ಲಿ ದೋಷ ತೋರಿಸಿತು, ಮಾಮೂಲಿ 62.5ರ ಕಾರ್ಡ್ ಹಾಕಿದಾಗ ಶುದ್ಧವಾಯಿತು. ಆ ಎಳೆಗಳಲ್ಲಿ ನಡುವೆಯೇ ಚೆನ್ನಾಗಿತ್ತು ಅಂತ ಅರ್ಥ. ಮಾನದಂಡ ಎರಡನ್ನೂ ಒಪ್ಪುತ್ತದೆ, ಮೊದಲು ಸರಿಸಿದ ಬೆಸುಗೆಯ ಕಾರ್ಡ್, ಅದಾಗದಿದ್ದರೆ ಮಾಮೂಲಿ.

ಒಪ್ಪಿಗೆಯ ಪರೀಕ್ಷೆಗೆ ಹಸಿರು ದೀಪ ಸಾಲದು. ದೋಷದ ಪ್ರಮಾಣ ಲಕ್ಷ ಕೋಟಿಗೆ ಒಂದಕ್ಕಿಂತ ಕಡಿಮೆ ಎಂದು 95% ಭರವಸೆಯಿಂದ ಹೇಳಲು 3 ಲಕ್ಷ ಕೋಟಿ ಬಿಟ್‌ಗಳು ಒಂದೂ ಕೆಡದೆ ಹೋಗಬೇಕು. ಪೂರ್ಣ ವೇಗದಲ್ಲಿ 291 ಸೆಕೆಂಡ್, ಐದು ನಿಮಿಷವೂ ಇಲ್ಲ. ಮಲ್ಟಿಮೋಡ್‌ನಲ್ಲಿ ಆ ಐದು ನಿಮಿಷದ ಮೇಲೆ ಭಾರ ಹಾಕಬಾರದು, ಏಕೆಂದರೆ ಮೋಡ್‌ಗಳ ಹಂಚಿಕೆ ಕದಲುತ್ತಿರುತ್ತದೆ. ಇಲ್ಲಿ ಎರಡೂ ದಿಕ್ಕಿನಲ್ಲಿ 24 ಗಂಟೆ ಓಡಿಸಿದರು. ನಡುನಡುವೆ ಕಾರ್ಡ್ ತೆಗೆದು ಚುಚ್ಚಿದರು, ಬೆರಳಿಗೆ ಸಡಿಲವಾಗಿ ಸುತ್ತಿ ಬಿಟ್ಟರು, ರ್‍ಯಾಕ್ ಬಾಗಿಲು ಹಾಕಿ ತೆಗೆದರು. ಪ್ರತಿ ಸಲ ಚುಚ್ಚಿದ ಮೇಲೆ ಐದು ನಿಮಿಷ ಎಣಿಕೆ ಸೊನ್ನೆಯಲ್ಲೇ ನಿಂತ ಜೋಡಿಗಳನ್ನು ಮಾತ್ರ ಬಳಕೆಗೆ ತೆಗೆದುಕೊಂಡರು. ಆಡಳಿತ ವಿಭಾಗದಲ್ಲಿ ಆರರಲ್ಲಿ ಆರೂ ಜೋಡಿ ಗೆದ್ದವು, ಗ್ರಂಥಾಲಯದಲ್ಲಿ ಐದು.

ಪ್ರಯೋಗಾಲಯಕ್ಕೆ ಅದೇ ಕೊಳವೆಯಲ್ಲಿ 24 ಎಳೆಗಳ ಸಿಂಗಲ್ ಮೋಡ್ ಕೇಬಲ್ ಹೋಯಿತು. 10ಜಿಬೇಸ್-ಎಲ್‌ಆರ್ ಮಾಡ್ಯೂಲ್ 10 ಕಿಲೋಮೀಟರಿಗೆಂದು ಮಾಡಿದ್ದು, 236 ಮೀಟರಿಗೆ ಬೆಳಕು ಜಾಸ್ತಿಯಾಗಿ ಕಣ್ಣು ಕುಕ್ಕೀತೇ ಎಂದು ಅಟೆನ್ಯುಯೇಟರ್ ತರಿಸುವ ಮಾತೂ ಬಂತು. ಬೇಕಿಲ್ಲ. ಕಳಿಸುವ ಗರಿಷ್ಠ 0.5 ಡಿಬಿಎಂ, ಸ್ವೀಕರಿಸುವವ ತಾಳುವ ಗರಿಷ್ಠವೂ 0.5 ಡಿಬಿಎಂ. ಹಳೆಯ ಓಎಂ1 ಕೇಬಲ್‌ನ್ನು ಕಿತ್ತುಹಾಕಲಿಲ್ಲ. ಕ್ಯಾಮೆರಾ ಮತ್ತು ಬಾಗಿಲ ನಿಯಂತ್ರಣದ ಜಾಲಕ್ಕೆ 1 ಗಿಗಾಬಿಟ್ ಧಾರಾಳವಾಯಿತು, 275 ಮೀಟರ್ ಮಿತಿಯೊಳಗೇ ಇದೆ.

ಪ್ಯಾನೆಲ್‌ಗಳ ಮೇಲೆ ಈಗ “ಮಲ್ಟಿಮೋಡ್” ಎಂಬ ಒಂಟಿ ಪದದ ಬದಲು ಪೂರ್ತಿ ಚೀಟಿ ಇದೆ. ಗ್ರಂಥಾಲಯದ್ದು: “62.5/125, 200/500, ಪ್ಯಾಚ್ ಸೇರಿ 148 ಮೀ, ಎಲ್‌ಆರ್‌ಎಂ ಮಾತ್ರ, 3-4ಕ್ಕೆ ಮಾಮೂಲಿ ಕಾರ್ಡ್, 11-12 ಹತ್ತಕ್ಕೆ ಬಳಸಬೇಡಿ”. ಮೂರನೇ ಮಹಡಿಯದ್ದರ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು: “ಮಿತಿ 33 ಮೀ, ಈಗ 30. ಎರಡೂ ತುದಿಗೆ 2 ಮೀಟರ್ ಕಾರ್ಡ್ ಮಾತ್ರ, 5 ಮೀಟರಿನದ್ದು ಹಾಕಬೇಡಿ”.